ಚೆರ್ರಿ ಗಿಡಕ್ಕೆ ಯಾವ ರೂಟ್‌ಸ್ಟಾಕ್? ಮಣ್ಣು ನೋಡಿ ಆರಿಸೋರು ಪದೇ ಪದೇ ಕೇಳುವ ಪ್ರಶ್ನೆಗಳು

ಚೆರ್ರಿ ಗಿಡ ತರೋಕೆ ಹೊರಟವರು ಮೊದಲು ಕೇಳೋದು ಹಣ್ಣು ಯಾವ ತಳಿ ಅಂತ, ಆಮೇಲೆ ಮರ ಎಷ್ಟು ಎತ್ತರ ಹೋಗತ್ತೆ ಅಂತ. ಮಣ್ಣೊಳಗೆ ಇಳಿಯೋ ಬೇರು ಯಾವ ಜಾತೀದು ಅಂತ ಕೇಳೋರು ಕಮ್ಮಿ. ನಾನೂ ಕೇಳಿರ್ಲಿಲ್ಲ, ಅದಕ್ಕೆ ಒಂದು ಮರ ಕಳ್ಕೊಂಡೆ, ಆ ಕಥೆ ಕೆಳಗೆ ಜೇಡಿಮಣ್ಣಿನ ಪ್ರಶ್ನೇಲಿದೆ.

ರೂಟ್‌ಸ್ಟಾಕ್ ಅಂದ್ರೆ ಏನು, ನಾನ್ಯಾಕೆ ತಲೆ ಕೆಡಿಸ್ಕೋಬೇಕು?

ನೀವು ತರೋ ಚೆರ್ರಿ ಗಿಡ ಒಂದಲ್ಲ, ಎರಡು. ಮೇಲಿನದು ನಿಮಗೆ ಬೇಕಾದ ಹಣ್ಣಿನ ತಳಿ, ಸ್ಟೆಲ್ಲಾನೋ ಲ್ಯಾಪಿನ್ಸೋ ಬಿಂಗೋ ಯಾವುದೋ ಒಂದು. ಕೆಳಗಿನದು, ಅಂದ್ರೆ ಬೇರು ಮತ್ತೆ ಗೇಣುದ್ದ ಕಾಂಡ, ಬೇರೆ ಗಿಡ, ಅದರ ಮೇಲೆ ಕಸಿ ಕಟ್ಟಿರ್ತಾರೆ. ಆ ಕೆಳಗಿನ ಗಿಡವೇ ರೂಟ್‌ಸ್ಟಾಕ್, ಬೇರುಸಸಿ ಅಂತಾನೂ ಅಂತಾರೆ. ಹಣ್ಣಿನ ರುಚಿ ಬಣ್ಣ ಎಲ್ಲ ಮೇಲಿನ ತಳಿಯ ಕೈಲಿದೆ. ಮರದ ಗಾತ್ರ, ಎಷ್ಟನೇ ವರ್ಷಕ್ಕೆ ಫಸಲು, ನೀರು ನಿಂತ್ರೆ ತಡ್ಕೊಳತ್ತಾ, ಸುಣ್ಣದ ಮಣ್ಣಲ್ಲಿ ಎಲೆ ಹಳದಿ ಆಗತ್ತಾ, ಇವೆಲ್ಲ ಬಹುಪಾಲು ಕೆಳಗಿನದರ ಕೈಲಿ. ಹಣ್ಣು ಇಷ್ಟ ಆಗ್ಲಿಲ್ಲ ಅಂದ್ರೆ ಅದೇ ಮರಕ್ಕೆ ಇನ್ನೊಂದು ತಳಿ ಕಸಿ ಕಟ್ಟಬಹುದು, ಬೇರು ಬದಲಾಯಿಸೋಕೆ ಮಾತ್ರ ಆಗಲ್ಲ.

ತಿಂದ ಹಣ್ಣಿನ ಬೀಜ ಹಾಕಿ ಬೆಳೆಸಿದ್ರೆ ಆಗಲ್ವಾ?

ಮೊಳಕೆ ಬರತ್ತೆ, ಮರಾನೂ ಆಗತ್ತೆ, ಆದ್ರೆ ಹಣ್ಣು ತಾಯಿ ಮರದ್ದೇ ಥರ ಇರತ್ತೆ ಅನ್ನೋ ಗ್ಯಾರಂಟಿ ಇಲ್ಲ, ಮರ ಮನೆಗಿಂತ ಎತ್ತರ ಹೋಗತ್ತೆ, ಮೊದಲ ಹಣ್ಣಿಗೆ ಬಹಳ ವರ್ಷ ಕಾಯ್ಬೇಕು. ಆಟಕ್ಕೆ ಬೆಳೆಸೋದಾದ್ರೆ ಸರಿ.

ಗಿಡ ತರೋಕೆ ಮುಂಚೆ ಮಣ್ಣಲ್ಲಿ ಏನೇನು ನೋಡ್ಬೇಕು?

ಮೊದಲು ನೀರು, ಆಮೇಲೆ ಸುಣ್ಣ, ಆಮೇಲೆ ಮಣ್ಣಿನ ಆಳ. ಎನ್‌ಪಿಕೆ ಅಂದ್ರೆ ಸಾರಜನಕ, ರಂಜಕ, ಪೊಟ್ಯಾಶ್ ಲೆಕ್ಕದ ರಿಪೋರ್ಟ್ ಹಿಡ್ಕೊಂಡು ಬರೋರನ್ನ ತುಂಬಾ ನೋಡಿದ್ದೀನಿ, ಗೊಬ್ಬರ ಯಾವಾಗ ಬೇಕಾದ್ರೂ ಹಾಕಬಹುದು ಸ್ವಾಮಿ, ನೀರು ಇಂಗದೇ ಇರೋ ನೆಲಾನ ಮರ ನೆಟ್ಟ ಮೇಲೆ ಏನು ಮಾಡ್ತೀರಿ.

ನೀರು ಇಂಗೋದನ್ನ ನೋಡೋಕೆ ಗಿಡ ನೆಡೋ ಜಾಗದಲ್ಲೇ ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿ. ಹಾರೆ ಪೆಟ್ಟಿಗೆ ಗುಂಡಿ ಗೋಡೆ ನುಣುಪಾಗಿ ಗಾರೆ ಮೆತ್ತಿದ ಹಾಗೆ ಆಗಿದ್ರೆ ಸ್ವಲ್ಪ ಕೆರೆದು ಒರಟು ಮಾಡಿ, ಇಲ್ಲಾಂದ್ರೆ ಲೆಕ್ಕ ತಪ್ಪತ್ತೆ. ತುಂಬ ನೀರು ಹಾಕಿ ಪೂರ್ತಿ ಇಂಗೋಕೆ ಬಿಡಿ, ಮತ್ತೆ ತುಂಬಿ, ಒಂದು ಕಡ್ಡಿ ನಿಲ್ಲಿಸಿ ಗುರುತು ಹಾಕಿ. ಎರಡನೇ ಸಲದ ನೀರೇ ಮುಖ್ಯ, ಮೊದಲನೇ ಸಲ ಒಣ ಮಣ್ಣು ಸುಮ್ನೆ ಹೀರ್ಕೊಂಡಿರತ್ತೆ. ಗಂಟೆಗೆ ಎರಡೂವರೆಯಿಂದ ಐದು ಸೆಂಟಿಮೀಟರ್ ಇಳೀತಿದ್ರೆ ಚೆರ್ರಿಗೆ ತೊಂದರೆ ಇಲ್ಲ. ಹತ್ತು ಸೆಂಟಿಮೀಟರ್ ದಾಟ್ತಿದ್ರೆ ಮಣ್ಣು ಬೇಗ ಒಣಗತ್ತೆ ಅಂತ ಲೆಕ್ಕ. ಮಾರನೇ ದಿನ ಬೆಳಿಗ್ಗೆ ನೋಡಿದಾಗ್ಲೂ ತಳದಲ್ಲಿ ನೀರು ಮಿಂಚ್ತಾ ಇದ್ರೆ ಅಲ್ಲಿ ಸಮನೆಲದಲ್ಲಿ ಚೆರ್ರಿ ನೆಡೋ ಯೋಚನೆ ಬಿಡಿ. ಈ ಪರೀಕ್ಷೆ ಮಳೆಗಾಲ ಮುಗಿಯೋ ಹೊತ್ತಿಗೋ ಹಿಮ ಕರಗಿದ ಮೇಲೋ ಮಾಡಿದ್ರೆ ಒಳ್ಳೇದು, ಯಾಕಂದ್ರೆ ಬೇರು ಸಾಯೋದು ಆಗ, ಬಿರು ಬೇಸಿಗೇಲಿ ಎಲ್ಲಾ ಮಣ್ಣೂ ಒಳ್ಳೇದಾಗೇ ಕಾಣತ್ತೆ.

ಗುಂಡಿ ತೋಡ್ದಾಗ ಬಂದ ಮಣ್ಣನ್ನ ಎಸೀಬೇಡಿ. ಒಂದು ಮುಷ್ಟಿ ತಗೊಂಡು ನೀರು ಚಿಮುಕಿಸಿ ನಾದಿ, ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಿ ಪಟ್ಟಿ ಥರ ಹೊರಗೆ ತಳ್ಳಿ. ಪಟ್ಟಿಯೇ ಆಗದೆ ಉದುರಿದ್ರೆ ಮರಳು. ಎರಡು ಸೆಂಟಿಮೀಟರ್ ಬಂದು ಮುರಿದ್ರೆ ಗೋಡುಮಣ್ಣು, ನೀವು ಅದೃಷ್ಟವಂತರು. ಐದು ಸೆಂಟಿಮೀಟರ್ ದಾಟಿ ನಾಲಗೆ ಥರ ಜೋತು ಬಿದ್ರೆ ಅಪ್ಪಟ ಜೇಡಿ. ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ, ಬುರುಬುರು ನೊರೆ ಬಂದ್ರೆ ಬಿಡಿಸುಣ್ಣ ಇದೆ ಅಂತ. ಪಿಎಚ್ ಅಂದ್ರೆ ಮಣ್ಣು ಹುಳಿಯೋ ಕ್ಷಾರವೋ ಅಂತ ಅಳೆಯೋ ಕಿಟ್ ಇದ್ರೆ ಅದನ್ನೂ ನೋಡಿ, 6ರಿಂದ 7ರ ಆಸುಪಾಸು ಚೆರ್ರಿಗೆ ಹಿತ.

ಆಳ: ಬೇರಿನ ಬಹುಪಾಲು ಮೇಲಿನ ಎರಡು ಅಡೀಲೇ ಇರತ್ತೆ, ಅಷ್ಟರೊಳಗೆ ಬಂಡೆಯೋ ಗಟ್ಟಿ ಪದರವೋ ಸಿಕ್ರೆ ಮೇಲಿಂದ ಎಷ್ಟೇ ಚೆನ್ನಾಗಿ ಕಂಡ್ರೂ ನೀರು ಆ ಪದರದ ಮೇಲೆ ಕೂತ್ಕೊಳತ್ತೆ.

ನಮ್ಮದು ಜೇಡಿಮಣ್ಣು, ಮಳೆ ಬಂದ್ರೆ ನೀರು ನಿಲ್ಲತ್ತೆ. ಯಾವುದು ಹಾಕ್ಲಿ?

ಮೊದಲು ನನ್ನ ಕಥೆ. ಬೇಲಿ ಮೂಲೇಲಿ ಜಾಗ ಇತ್ತು, ಜೇಡಿಮಣ್ಣು, ನನಗೆ ಅದರ ಅರಿವೇ ಇಲ್ಲ. ಗಿಡದ ಲೇಬಲ್ ಮೇಲೆ ಗಟ್ಟಿ ಬೇರು, ಬರ ತಡೆಯತ್ತೆ ಅಂತ ಬರೆದಿತ್ತು, ಖುಷಿಯಾಗಿ ತಂದು ನೆಟ್ಟೆ. ಎರಡು ವರ್ಷ ಚೆನ್ನಾಗಿ ಬಂತು. ಮೂರನೇ ವಸಂತದಲ್ಲಿ ಹೂ ತುಂಬ ಬಿಟ್ತು, ಎಲೆ ಮಾತ್ರ ಬೆರಳಗಲಕ್ಕೇ ನಿಂತುಬಿಡ್ತು, ಬಿಸಿಲು ಏರಿದ ಒಂದು ವಾರದಲ್ಲಿ ಇಡೀ ಮರ ಬಾಡಿ ನಿಂತಿತ್ತು. ನೀರು ಸಾಲದೇನೋ ಅಂತ ಇನ್ನೂ ನೀರು ಹುಯ್ದೆ ನೋಡಿ, ಎಂಥ ಬುದ್ಧಿ! ಕೊನೆಗೆ ಅಗೆದು ತೆಗೆದಾಗ ಕೆಳಗಿನ ಮಣ್ಣು ಬೂದು ನೀಲಿ ಬಣ್ಣ, ಚರಂಡಿ ವಾಸನೆ, ಬೇರು ಹಿಡಿದು ಎಳೆದ್ರೆ ತೊಗಟೆ ಕಾಲುಚೀಲ ಕಳಚಿದ ಹಾಗೆ ಕೈಗೆ ಬಂತು, ಒಳಗೆ ಬರೀ ಕಡ್ಡಿ. ಬುಡದ ತೊಗಟೆ ಚಾಕುವಿನಲ್ಲಿ ಕೆರೆದಾಗ ಹಸಿರಿರಬೇಕಾದ ಕಡೆ ಇಟ್ಟಿಗೆ ಕಂದು ಬಣ್ಣ. ಅದು ಮಹಾಲೆಬ್ ಅನ್ನೋ ಕಾಡು ಚೆರ್ರಿ ಜಾತಿಯ ಬೇರು ಅಂತ ಆಮೇಲೆ ಗೊತ್ತಾಯ್ತು. ಲೇಬಲ್ ಸುಳ್ಳು ಹೇಳಿರ್ಲಿಲ್ಲ, ಮಹಾಲೆಬ್ ನಿಜಕ್ಕೂ ಬರ ತಡೆಯತ್ತೆ. ನನ್ನ ಮಣ್ಣಿಗೆ ಬರದ ಸಮಸ್ಯೆಯೇ ಇರ್ಲಿಲ್ಲ, ಅಷ್ಟೇ.

ಹೀಗೆ ಯಾಕಾಗತ್ತೆ ಅಂದ್ರೆ, ನೀರು ನಿಂತ ಮಣ್ಣಲ್ಲಿ ಗಾಳಿ ಇರಲ್ಲ, ಬೇರು ಉಸಿರು ಕಟ್ಟತ್ತೆ. ಚೆರ್ರಿ, ಪೀಚ್ ಈ ಕುಟುಂಬದ ಬೇರಲ್ಲಿ ಸಯನೈಡ್ ಹುಟ್ಟಿಸೋ ರಾಸಾಯನಿಕ ಮೊದಲೇ ಇರತ್ತೆ, ಉಸಿರು ಕಟ್ಟಿದಾಗ ಅದು ಒಡೆದು ವಿಷ ಬಿಡುಗಡೆ ಆಗತ್ತೆ, ತನ್ನ ವಿಷಕ್ಕೆ ತಾನೇ ಬಲಿ. ಅದರ ಮೇಲೆ ಫೈಟೋಫ್ತೊರಾ ಅನ್ನೋ ರೋಗಾಣು, ಇದು ನೀರಲ್ಲಿ ಈಜ್ಕೊಂಡು ಬಂದು ಬೇರಿಗೆ ಅಂಟ್ಕೊಳತ್ತೆ. ಮಹಾಲೆಬ್ ಈ ಎರಡಕ್ಕೂ ಬೇಗ ಸೋಲೋ ಬೇರು.

ಈಗ ಆಯ್ಕೆ. ಒಟ್ಟಾರೆ ನೀರು ತಡ್ಕೊಳೋದ್ರಲ್ಲಿ ಹುಳಿ ಚೆರ್ರಿ ಜಾತಿ ಬೇರು ಮುಂದೆ, ಅದರ ಹಿಂದೆ ಕಾಡು ಸಿಹಿ ಚೆರ್ರಿ ಅಂದ್ರೆ ಮ್ಯಾಜಾರ್ಡ್, ಕಟ್ಟಕಡೆಗೆ ಮಹಾಲೆಬ್. ಜೇಡಿಯಂಥ ಭಾರದ ಮಣ್ಣಿಗೆ ನಾನು ಮೊದಲು ಹೇಳೋದು ಕ್ರಿಮ್ಸ್ಕ್ 5, ದಕ್ಷಿಣ ರಷ್ಯಾದ ಕ್ರಿಮ್ಸ್ಕ್ ತಳಿ ಕೇಂದ್ರದಿಂದ ಬಂದಿದ್ದು, ಜೇಡಿಮಣ್ಣು, ಚಳಿ, ಸೆಕೆ ಮೂರನ್ನೂ ಒಂದು ಮಟ್ಟಿಗೆ ತಡೆಯತ್ತೆ. ಅದು ಸಿಗದಿದ್ರೆ ಕೋಲ್ಟ್ ಅಥವಾ ಗಿಸೆಲಾ 6. ಜಾಗ ಧಾರಾಳ ಇದ್ರೆ ಮ್ಯಾಜಾರ್ಡ್ ಕೂಡ ಜೇಡಿಗೋಡಲ್ಲಿ ಬದುಕತ್ತೆ. ಇಟಲಿಯ ಬೊಲೋನ್ಯಾ ಕಡೆಯ ಸಿಎಬಿ 6ಪಿ ಅನ್ನೋ ಹುಳಿ ಚೆರ್ರಿ ಆಯ್ಕೆನೂ ಭಾರದ ಮಣ್ಣಿಗೆ ಹೆಸರು ಮಾಡಿದೆ, ಬುಡದಿಂದ ಚಿಗುರು ಏಳೋ ಕಾಟ ಮಾತ್ರ ಇದ್ದೇ ಇದೆ. ಇನ್ನೊಂದು ವಿಚಿತ್ರ ಇದೆ, ಅಡಾರಾ ಅಂತ, ಸ್ಪೇನಿನ ಜರಗೋಸಾದ ಔಲಾ ದೇಯಿ ಸಂಶೋಧನಾ ಕೇಂದ್ರದ್ದು. ಅದು ಚೆರ್ರಿನೇ ಅಲ್ಲ, ಪ್ಲಮ್ ಜಾತಿ! ಸಾಮಾನ್ಯವಾಗಿ ಪ್ಲಮ್ ಬೇರು ಚೆರ್ರಿ ಕಸಿಯನ್ನ ಒಪ್ಪಲ್ಲ, ಇದು ಬಹುಪಾಲು ತಳಿಗಳನ್ನ ಒಪ್ಪತ್ತೆ, ನೀರು ನಿಲ್ಲೋ ಸುಣ್ಣದ ಜೇಡಿಗೂ ಹೊಂದ್ಕೊಳತ್ತೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು, ತಡ್ಕೊಳತ್ತೆ ಅಂದ್ರೆ ಕೆಲವು ದಿನ ತಡ್ಕೊಳತ್ತೆ ಅಂತ. ಕೆಸರಲ್ಲಿ ಬೆಳೆಯೋ ಚೆರ್ರಿ ಬೇರು ಅಂತ ಯಾವುದೂ ಇಲ್ಲ.

ಮರಳು ಮಣ್ಣು, ಕಲ್ಲು ಗರಸು ಇದ್ರೆ?

ಇಲ್ಲಿ ಮಹಾಲೆಬ್ ರಾಜ. ಆಳಕ್ಕೆ ಇಳಿಯೋ ಬೇರು, ಒಣಗು, ಸುಣ್ಣ, ಚಳಿ ಎಲ್ಲಕ್ಕೂ ಜಗ್ಗಲ್ಲ, ಮರ ಮ್ಯಾಜಾರ್ಡ್‌ಗಿಂತ ಸ್ವಲ್ಪ ಚಿಕ್ಕದು. ಇದರಲ್ಲೇ ಎಸ್‌ಎಲ್ 64 ಅನ್ನೋದು ಫ್ರಾನ್ಸಿನ ಆಯ್ಕೆ, ಒಣ ಸುಣ್ಣದ ನೆಲಗಳಲ್ಲಿ ಬಹಳ ಬಳಕೇಲಿದೆ. ಮರಳಲ್ಲಿ ಕೋಲ್ಟ್ ಹಾಕ್ಬೇಡಿ, ಅದಕ್ಕೆ ಬಾಯಾರಿಕೆ ಜಾಸ್ತಿ. ಗಿಸೆಲಾ 5 ಹಾಕೋದೇ ಆದ್ರೆ ಡ್ರಿಪ್ ಮತ್ತೆ ಬುಡಕ್ಕೆ ದಪ್ಪ ಮುಚ್ಚಿಗೆ ಅಂದ್ರೆ ಮಲ್ಚ್ ಇಲ್ಲದೆ ಆಗಲ್ಲ.

ಸುಣ್ಣದ ಮಣ್ಣು, ಪಿಎಚ್ 8. ಎಲೆ ಹಳದಿ ಆಗ್ತಾ ಇದೆ, ರೂಟ್‌ಸ್ಟಾಕ್ ಕಾರಣ ಇರಬಹುದಾ?

ಇರಬಹುದು. ಮೊದಲು ಯಾವ ಎಲೆ ಅಂತ ನೋಡಿ. ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಬಲೆ ಥರ ಎದ್ದು ಕಾಣ್ತಿದ್ರೆ ಕಬ್ಬಿಣದ ಕೊರತೆ. ಕೆಳಗಿನ ಹಳೇ ಎಲೆ ಮೊದಲು ಹಳದಿ ಆಗ್ತಿದ್ರೆ ಅದು ಬೇರೆ ವಿಷಯ, ಸಾರಜನಕವೋ ಮೆಗ್ನೀಸಿಯಮ್ಮೋ.

ಸುಣ್ಣದ ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಬೇಕಾದಷ್ಟಿದೆ, ಕರಗದ ರೂಪದಲ್ಲಿ ಬೀಗ ಹಾಕ್ಕೊಂಡು ಕೂತಿರತ್ತೆ. ಕೆಲವು ಬೇರುಗಳಿಗೆ ಆ ಬೀಗ ತೆಗೆಯೋ ಕಲೆ ಗೊತ್ತು, ಮಹಾಲೆಬ್‌ಗೆ ಚೆನ್ನಾಗಿ ಗೊತ್ತು. ಮ್ಯಾಕ್ಸ್‌ಮಾ 14 ಅನ್ನೋದು ಮಹಾಲೆಬ್ ಮತ್ತೆ ಮ್ಯಾಜಾರ್ಡ್ ಬೆರಕೆ, ಅಮೆರಿಕದ ಒರೆಗಾನ್‌ನಲ್ಲಿ ಹುಟ್ಟಿದ್ದು, ಸುಣ್ಣ ತಡೆಯೋ ಗುಣ ಮಹಾಲೆಬ್‌ನಿಂದ ಬಂದಿದೆ, ಮರ ಮಧ್ಯಮ ಗಾತ್ರ, ಮನೆ ತೋಟಕ್ಕೆ ನನಗೆ ತುಂಬಾ ಇಷ್ಟದ್ದು. ಗಿಸೆಲಾ 5 ಮಾತ್ರ ಭಾರದ ಸುಣ್ಣದ ಮಣ್ಣಲ್ಲಿ ಸೊರಗತ್ತೆ, ಅಲ್ಲಿಗೆ ಅದು ಬೇಡವೇ ಬೇಡ.

ಗಂಧಕ ಹಾಕಿ ಪಿಎಚ್ ಇಳಿಸ್ತೀನಿ ಅಂತಾರೆ ಕೆಲವರು. ವಿನೆಗರ್‌ಗೆ ನೊರೆ ಬರೋ ಮಣ್ಣಲ್ಲಿ ಲೆಕ್ಕ ಹಾಕಿ ನೋಡಿ. ನೂರು ಗ್ರಾಂ ಸುಣ್ಣ ಕರಗಿಸೋಕೆ ಸುಮಾರು 32 ಗ್ರಾಂ ಗಂಧಕ ಬೇಕು. ಒಂದು ಚದರ ಮೀಟರ್ ಜಾಗ, ಒಂದು ಅಡಿ ಆಳ ಅಂದ್ರೆ ಹತ್ತಿರ ಹತ್ತಿರ 400 ಕೆಜಿ ಮಣ್ಣು. ಅದರಲ್ಲಿ ನೂರಕ್ಕೆ ಹತ್ತು ಪಾಲು ಸುಣ್ಣ ಇದ್ರೆ 40 ಕೆಜಿ, ಅದಕ್ಕೆ 13 ಕೆಜಿ ಗಂಧಕ, ಅದೂ ಒಂದೇ ಒಂದು ಚದರ ಮೀಟರ್‌ಗೆ! ಆಗೋ ಮಾತಾ ಇದು? ನೊರೆ ಬರದೆ ಪಿಎಚ್ ಮಾತ್ರ ಸ್ವಲ್ಪ ಹೆಚ್ಚಿದ್ರೆ ಗಂಧಕ ಕೆಲಸ ಮಾಡತ್ತೆ, ನೊರೆ ಬಂದ್ರೆ ಸುಣ್ಣ ತಡೆಯೋ ಬೇರಿನ ಗಿಡ ಆರಿಸ್ಕೊಳ್ಳೋದೇ ಅಗ್ಗ.

ಈಗಾಗ್ಲೇ ನೆಟ್ಟಾಗಿದೆ ಅನ್ನೋರು ಇಡಿಡಿಎಚ್‌ಎ ರೂಪದ ಕಬ್ಬಿಣ ಬುಡಕ್ಕೆ ಕೊಡಿ, ಅದು ಕಬ್ಬಿಣವನ್ನ ಕರಗಿದ ರೂಪದಲ್ಲೇ ಹಿಡಿದಿಡೋ ರಾಸಾಯನಿಕ. ಇಡಿಟಿಎ ಬೇಡ, ಪಿಎಚ್ 7 ದಾಟಿದ ಮಣ್ಣಲ್ಲಿ ಅದು ಕಬ್ಬಿಣವನ್ನ ಹಿಡಿದಿಟ್ಕೊಳಲ್ಲ. ಸಾದಾ ಅನ್ನಭೇದಿ ಅಂದ್ರೆ ಫೆರಸ್ ಸಲ್ಫೇಟ್ ಹಾಕಿದ್ರೆ ಅದೂ ಸುಣ್ಣದ ಜೊತೆ ಸೇರಿ ಬೀಗದೊಳಗೆ ಹೋಗತ್ತೆ. ಮತ್ತೆ ನೀರು ಕಮ್ಮಿ ಮಾಡಿ, ಸುಣ್ಣದ ಮಣ್ಣು ಒದ್ದೆಯಾಗೇ ಇದ್ರೆ ಹಳದಿ ಇನ್ನೂ ಜಾಸ್ತಿ ಆಗತ್ತೆ, ಇದನ್ನ ಬಹಳ ಜನ ಗಮನಿಸಲ್ಲ.

ಹುಳಿ ಮಣ್ಣು ಇದ್ರೆ?

ಪಿಎಚ್ 5.5ಕ್ಕಿಂತ ಕೆಳಗಿದ್ರೆ ನೆಡೋಕೆ ಕೆಲವು ತಿಂಗಳು ಮುಂಚೆ ಸುಣ್ಣ ಬೆರೆಸಿ ಮೇಲೆ ತನ್ನಿ. ಸುಣ್ಣ ಸೇರಿಸೋದು ಸುಲಭ, ತೆಗೆಯೋದೇ ಕಷ್ಟ, ಹಾಗಾಗಿ ಹುಳಿ ಮಣ್ಣಿಗೆ ಅಂತಲೇ ರೂಟ್‌ಸ್ಟಾಕ್ ಹುಡುಕ್ಬೇಕಾಗಿಲ್ಲ.

ಉಪ್ಪಿನ ಅಂಶ ಇರೋ ಚೌಳು ಮಣ್ಣು?

ಚೆರ್ರಿಗೆ ಉಪ್ಪು ಆಗಲ್ಲ. ಬೇರೆ ಹಣ್ಣು ನೋಡಿ.

ಎಲ್ಲರೂ ಗಿಸೆಲಾ 5 ಅಂತಾರೆ, ಕಣ್ಣು ಮುಚ್ಚಿ ಅದನ್ನೇ ತಗೋಬಹುದಾ?

ಕಣ್ಣು ತೆರೆದು ತಗೊಳ್ಳಿ. ಜರ್ಮನಿಯ ಗೀಸನ್ ವಿಶ್ವವಿದ್ಯಾಲಯದಲ್ಲಿ ಹುಳಿ ಚೆರ್ರಿಯನ್ನ ಬೂದು ಎಲೆಯ ಪ್ರೂನಸ್ ಕ್ಯಾನಸೆನ್ಸ್ ಅನ್ನೋ ಪೊದೆ ಜಾತಿ ಜೊತೆ ಬೆರಕೆ ಮಾಡಿ ತಂದಿದ್ದು, ಗಿಸೆಲಾ ಅನ್ನೋ ಹೆಸರಲ್ಲೂ ಆ ಊರಿದೆ. ಮರ ಮ್ಯಾಜಾರ್ಡ್‌ನ ಅರ್ಧದಷ್ಟು, ಎಂಟು ಹತ್ತು ಅಡಿಗೆ ಹಿಡಿದಿಡಬಹುದು, ಬಲೆ ಹಾಕಿ ಹಕ್ಕಿ ಕಾಯೋಕೆ ಸುಲಭ, ಮೂರನೇ ವರ್ಷಕ್ಕೇ ಹಣ್ಣು ಕಾಣಿಸತ್ತೆ. ಮ್ಯಾಜಾರ್ಡ್ ಮೇಲಾದ್ರೆ ಆರೇಳು ವರ್ಷ ಕಾಯ್ಬೇಕಿತ್ತು. ಇಷ್ಟು ಕೇಳಿದ್ರೆ ಯಾರಿಗೆ ಬೇಡ ಹೇಳಿ.

ಆದ್ರೆ ಅದು ಲಾಲನೆ ಪಾಲನೆ ಕೇಳೋ ಬೇರು. ಮಣ್ಣು ಫಲವತ್ತಾಗಿರ್ಬೇಕು, ನೀರು ನಿಲ್ಲಬಾರದು, ಒಣಗಲೂಬಾರದು, ಬೇರು ಮೇಲ್ಮೇಲೆ ಇರೋದ್ರಿಂದ ಬುಡದಲ್ಲಿ ಹುಲ್ಲು ಬೆಳೆದ್ರೆ ಊಟ ನೀರು ಎಲ್ಲ ಹುಲ್ಲಿನ ಪಾಲು. ಗಾಳಿಗೆ ವಾಲತ್ತೆ, ಊರುಗೋಲು ಬೇಕು. ದೊಡ್ಡ ಸಮಸ್ಯೆ ಏನಂದ್ರೆ ಅದು ತನ್ನ ಶಕ್ತಿ ಮೀರಿ ಕಾಯಿ ಕಟ್ಟತ್ತೆ, ಸವರದೆ ಬಿಟ್ರೆ ನಾಲ್ಕೈದು ವರ್ಷದಲ್ಲಿ ಹೊಸ ಚಿಗುರು ನಿಂತು ಹಣ್ಣು ಗೋಲಿಗಿಂತ ಸಣ್ಣದಾಗತ್ತೆ, ಮರ ಮುದಿಯಾದ ಹಾಗೆ ಕಾಣತ್ತೆ. ಬಡ ಮಣ್ಣಲ್ಲಿ ಇದು ಇನ್ನೂ ಬೇಗ. ನೆಟ್ಟ ಮೊದಲೆರಡು ವರ್ಷ ಬಂದ ಹೂ ಕಿತ್ತು ಹಾಕಿ ಮರಕ್ಕೆ ಮೈ ಬರೋಕೆ ಬಿಡಿ, ಕೀಳೋಕೆ ಮನಸ್ಸು ಬರಲ್ಲ, ಆದ್ರೂ ಕೀಳಿ. ಮಣ್ಣು ಸುಮಾರು ಅನ್ನಿಸಿದ್ರೆ ಒಂದು ಮೆಟ್ಟಿಲು ಮೇಲೆ ಹೋಗಿ, ಗಿಸೆಲಾ 6 ಅಥವಾ 12, ಇವು ಜೋರು ಬೆಳೆಯತ್ತೆ, ಮಣ್ಣಿನ ವಿಷಯದಲ್ಲಿ ಅಷ್ಟು ನಾಜೂಕಲ್ಲ. ಬಡ ಮಣ್ಣಿಗೆ ಜೋರಾದ ಬೇರು, ಸಾರದ ಮಣ್ಣಿಗೆ ಗಿಡ್ಡ ಬೇರು, ನನ್ನ ಮಟ್ಟಿಗೆ ಲೆಕ್ಕ ಇಷ್ಟೇ. ಒಳ್ಳೇ ಗೋಡುಮಣ್ಣಲ್ಲಿ ಮ್ಯಾಜಾರ್ಡ್ ನೆಟ್ಟು ಏಣಿ ಹಾಕ್ಕೊಂಡು ಒದ್ದಾಡೋರನ್ನೂ ನೋಡಿದ್ದೀನಿ.

ಕೋಲ್ಟ್ ಹೇಗೆ?

ಇಂಗ್ಲೆಂಡಿನ ಕೆಂಟ್‌ನಲ್ಲಿರೋ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಿಂದ 1970ರ ದಶಕದಲ್ಲಿ ಬಂದಿದ್ದು. ಸ್ವಭಾವ ಸಲೀಸು, ಬೇರು ಚೆನ್ನಾಗಿ ಹಿಡಿಯತ್ತೆ, ಒದ್ದೆ ಮಣ್ಣಲ್ಲಿ ಮಹಾಲೆಬ್‌ಗಿಂತ ಎಷ್ಟೋ ವಾಸಿ, ಊರುಗೋಲಿನ ಗೋಜಿಲ್ಲ. ತೊಂದರೆ ಮೂರು: ಒಣಗಿದ್ರೆ ಬೇಗ ಸೋಲತ್ತೆ, ಕಡು ಚಳಿ ತಡೆಯಲ್ಲ, ಕ್ರೌನ್ ಗಾಲ್ ಅಂತ ಬೇರಿನ ಗಂಟು ರೋಗ ಸುಲಭವಾಗಿ ತಗಲತ್ತೆ. ತಂಪು ತೇವದ ಜಾಗದಲ್ಲಿ, ಹದಿನೈದು ಇಪ್ಪತ್ತು ಅಡಿ ಮರಕ್ಕೆ ಜಾಗ ಇರೋರಿಗೆ ಇದು ಸರಿ.

ಲೇಬಲ್ ಮೇಲೆ 50 ಪರ್ಸೆಂಟ್, 70 ಪರ್ಸೆಂಟ್ ಅಂತ ಬರೆದಿರತ್ತಲ್ಲ, ನಿಜಾನಾ?

ಅದು ಮ್ಯಾಜಾರ್ಡ್ ಮರವನ್ನ ನೂರು ಅಂತ ಇಟ್ಕೊಂಡು ಹೇಳೋ ಅಂದಾಜು. ಅದೇ ಕೋಲ್ಟ್ ತಂಪು ಜಾಗದಲ್ಲಿ ಮಧ್ಯಮ ಗಾತ್ರಕ್ಕೆ ನಿಲ್ಲತ್ತೆ, ಬಿಸಿಲು ಜಾಸ್ತಿ, ಆಳದ ಮಣ್ಣು, ನೀರು ಬೇಕಾದಷ್ಟು ಅಂದ್ರೆ ಮ್ಯಾಜಾರ್ಡ್ ಸಮಕ್ಕೇ ಏರತ್ತೆ. ಮೇಲಿನ ತಳಿಯೂ ಲೆಕ್ಕಕ್ಕೆ ಬರತ್ತೆ, ಲ್ಯಾಪಿನ್ಸ್ ಥರ ಜೋರಾಗಿ ನೆಟ್ಟಗೆ ಏರೋ ತಳಿ ಗಿಡ್ಡ ಬೇರಿನ ಮೇಲೂ ಏರೋಕೇ ನೋಡತ್ತೆ.

ಮಣ್ಣನ್ನೇ ಸರಿ ಮಾಡಿದ್ರೆ ಯಾವ ರೂಟ್‌ಸ್ಟಾಕ್ ಬೇಕಾದ್ರೂ ಹಾಕಬಹುದಲ್ವಾ?

ಸ್ವಲ್ಪ ಮಟ್ಟಿಗೆ. ಎಲ್ಲರೂ ಮಾಡೋ ತಪ್ಪು ಒಂದಿದೆ, ಜೇಡಿಮಣ್ಣಲ್ಲಿ ದೊಡ್ಡ ಗುಂಡಿ ತೋಡಿ ಅದಕ್ಕೆ ಮರಳು, ಕಾಂಪೋಸ್ಟ್ ತುಂಬಿ ಗಿಡ ನೆಡೋದು. ಸುತ್ತ ಜೇಡಿ, ಮಧ್ಯ ಹಗುರ ಮಣ್ಣು, ಮಳೆ ನೀರೆಲ್ಲ ಆ ಗುಂಡಿಗೇ ಹರಿದು ಬಂದು ನಿಲ್ಲತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ. ನೀವು ಗಿಡಕ್ಕೆ ಹಾಸಿಗೆ ಮಾಡಿದ್ದೀನಿ ಅಂದ್ಕೊಂಡಿದ್ದೀರಿ, ಆಗಿರೋದು ಬಾವಿ.

ಗುಂಡಿ ಬದಲು ದಿಬ್ಬ ಮಾಡಿ. ಒಂದರಿಂದ ಒಂದೂವರೆ ಅಡಿ ಎತ್ತರ, ನಾಲ್ಕೈದು ಅಡಿ ಅಗಲ, ಅದೇ ಜಾಗದ ಮೇಲ್ಮಣ್ಣಿಗೆ ಕೊಳೆತ ಗೊಬ್ಬರ ಬೆರೆಸಿ ಗುಡ್ಡೆ ಹಾಕಿ, ಅಂಚು ಇಳಿಜಾರಾಗಿರ್ಲಿ, ಪಕ್ಕದಲ್ಲಿ ಬಸಿಗಾಲುವೆ ತೆಗೀರಿ. ಕೆಳಗಿನ ನೆಲವನ್ನ ಗುದ್ದಲೀಲಿ ಸಡಿಲ ಮಾಡಿ ಆಮೇಲೆ ಮೇಲೆ ಸುರೀರಿ, ಇಲ್ಲಾಂದ್ರೆ ಎರಡು ಪದರ ಬೇರೆ ಬೇರೆಯಾಗೇ ಉಳಿಯತ್ತೆ. ಭಾರದ ಮಣ್ಣಿನೋರು ರೂಟ್‌ಸ್ಟಾಕ್ ಯಾವುದೇ ಆರಿಸಿದ್ರೂ ದಿಬ್ಬ ಮಾಡೋದು ಬಿಡಬೇಡಿ. ನನ್ನ ಎರಡನೇ ಮರ ಅದೇ ಬೇಲಿ ಸಾಲಲ್ಲಿ, ಸತ್ತ ಮರದಿಂದ ಹತ್ತು ಹೆಜ್ಜೆ ಆಚೆ, ದಿಬ್ಬದ ಮೇಲೆ ಗಿಸೆಲಾ 6, ಮಳೆಗಾಲದಲ್ಲಿ ಸುತ್ತ ನೀರು ನಿಂತಾಗ ದ್ವೀಪದ ಥರ ಕಾಣತ್ತೆ, ಚೆನ್ನಾಗೇ ಇದೆ.

ಹಳೇ ಚೆರ್ರಿ ಮರ ತೆಗೆದ ಜಾಗದಲ್ಲೇ ಹೊಸದು ನೆಡಬಹುದಾ?

ಆದಷ್ಟು ಬೇಡ. ಹಳೇ ಬೇರಿನ ಜೊತೆ ಬದುಕಿದ್ದ ಶಿಲೀಂಧ್ರ, ಜಂತುಹುಳು ಎಲ್ಲ ಅಲ್ಲೇ ಇರತ್ತೆ, ಹೊಸ ಗಿಡ ಕಾರಣವೇ ಇಲ್ಲದೆ ಕುಂಟತ್ತೆ. ಮೂರ್ನಾಲ್ಕು ಮೀಟರ್ ಆಚೆ ಹೋಗಿ. ಬೇರೆ ಜಾಗವೇ ಇಲ್ಲ ಅಂದ್ರೆ ಹಳೇ ಬೇರು ಆದಷ್ಟು ಆಯ್ದು ತೆಗೆದು, ಮಣ್ಣು ಬದಲಾಯಿಸಿ, ಜೋರಾಗಿ ಬೆಳೆಯೋ ಬೇರು ಆರಿಸಿ. ಗಿಸೆಲಾ 5 ಇಂಥ ಜಾಗದಲ್ಲಿ ಮೇಲೇಳಲ್ಲ.

ಯಾವ ತಳಿ ಯಾವ ಬೇರಿಗೆ ಬೇಕಾದ್ರೂ ಕೂರತ್ತಾ?

ಬಹುಪಾಲು ಕೂರತ್ತೆ, ಕೆಲವು ಕೂರಲ್ಲ. ಚೆಲಾನ್, ಟಿಯೆಟನ್ ಅನ್ನೋ ಸಿಹಿ ತಳಿಗಳು ಮಹಾಲೆಬ್ ಜೊತೆ ಸರಿಹೋಗಲ್ಲ, ಮೊದಲು ಚೆನ್ನಾಗಿದ್ದು ಕೆಲವು ವರ್ಷ ಆದ ಮೇಲೆ ಕಸಿಯ ಜಾಗದಲ್ಲಿ ಕೈಕೊಡತ್ತೆ. ಹುಳಿ ಚೆರ್ರಿಗೆ ಮಹಾಲೆಬ್ ಹಳೇ ನೆಂಟ. ಕ್ರಿಮ್ಸ್ಕ್ 5 ಮತ್ತೆ 6ಕ್ಕೆ ಇನ್ನೊಂದು ಗುಟ್ಟಿದೆ, ಪರಾಗದ ಜೊತೆ ಹರಡೋ ಎರಡು ವೈರಸ್‌ಗಳನ್ನ ಇವು ಸಹಿಸಲ್ಲ, ಸುತ್ತ ಹಳೇ ರೋಗದ ಚೆರ್ರಿ ಮರಗಳಿದ್ರೆ ಹೂ ಬಿಡೋಕೆ ಶುರುವಾದ ಮೇಲೆ ಮರ ತಟ್ಟನೆ ಹೋಗಬಹುದು. ವೈರಸ್ ಇಲ್ಲ ಅಂತ ಸರ್ಟಿಫಿಕೇಟ್ ಇರೋ ಗಿಡವೇ ತಗೊಳ್ಳಿ ಅನ್ನೋದು ಇದಕ್ಕೇ.

ಸರಿಯಾದ ರೂಟ್‌ಸ್ಟಾಕ್ ಹಾಕಿದ್ರೆ ಬೆಚ್ಚಗಿನ ಊರಲ್ಲೂ ಚೆರ್ರಿ ಬರತ್ತಾ?

ಮರ ಬರತ್ತೆ, ಹಣ್ಣು ಬರಲ್ಲ. ಬಹುಪಾಲು ಸಿಹಿ ಚೆರ್ರಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗೆ 700ರಿಂದ 1000 ಗಂಟೆ, ಕೆಲವಕ್ಕೆ ಇನ್ನೂ ಹೆಚ್ಚು ಬೇಕು, ಅದು ಮೊಗ್ಗಿನ ಲೆಕ್ಕ. ಆ ಕೊರತೆ ಬೇರಿಂದ ತುಂಬಲ್ಲ. ಚಳಿ ಕಮ್ಮಿ ಸಾಕು ಅನ್ನೋ ತಳಿಗಳಿವೆ, ಅವನ್ನ ಹುಡುಕಿ, ಆಮೇಲೆ ಮಣ್ಣಿನ ಮಾತು.

ಒಂದೇ ಮರ ಸಾಕಾ, ಪರಾಗಕ್ಕೆ ಇನ್ನೊಂದು ಬೇಕಾ?

ಅದಕ್ಕೂ ಬೇರಿಗೂ ಸಂಬಂಧ ಇಲ್ಲ. ಸ್ಟೆಲ್ಲಾ, ಲ್ಯಾಪಿನ್ಸ್ ಥರದ್ದು ಒಂಟಿಯಾಗೇ ಕಾಯಿ ಕಟ್ಟತ್ತೆ, ಬಿಂಗ್‌ಗೆ ಜೊತೆ ಬೇಕು.

ಕುಂಡದಲ್ಲಿ ಬೆಳೆಸೋಕೆ?

ಗಿಸೆಲಾ 5, ಸಿಕ್ರೆ ಅದಕ್ಕಿಂತ ಗಿಡ್ಡ ಗಿಸೆಲಾ 3. ಕುಂಡ ಕನಿಷ್ಠ ನಲವತ್ತೈವತ್ತು ಲೀಟರ್ ಇರ್ಲಿ, ತಳದಲ್ಲಿ ತೂತು ಬೇಕಾದಷ್ಟಿರ್ಲಿ. ತೋಟದ ಮಣ್ಣು ಕೆಟ್ಟದ್ದು ಅನ್ನೋರಿಗೆ ಇದು ಸುಲಭದ ದಾರಿ, ಮಣ್ಣು ನೀವೇ ಬೆರೆಸ್ತೀರಲ್ಲ. ಬೇಸಿಗೇಲಿ ದಿನಾ ನೀರು ಹಾಕೋಕೆ ಆಗತ್ತಾ ಅಂತ ಮಾತ್ರ ಮೊದಲೇ ಕೇಳ್ಕೊಳ್ಳಿ.

ಲೇಬಲ್ ಮೇಲೆ ಸೆಮಿ ಡ್ವಾರ್ಫ್ ಅಂತ ಮಾತ್ರ ಇದೆ, ಹೆಸರಿಲ್ಲ. ತಗೊಳ್ಲಾ?

ಬೇಡ. ಸೆಮಿ ಡ್ವಾರ್ಫ್ ಅನ್ನೋದು ಎತ್ತರದ ಮಾತು, ಮಣ್ಣಿನ ಬಗ್ಗೆ ಏನೂ ಹೇಳಲ್ಲ. ಕೋಲ್ಟ್, ಮ್ಯಾಕ್ಸ್‌ಮಾ 14, ಗಿಸೆಲಾ 6 ಎಲ್ಲವನ್ನೂ ಅದೇ ಹೆಸರಲ್ಲಿ ಮಾರ್ತಾರೆ, ಒಂದಕ್ಕೆ ಒದ್ದೆ ಮಣ್ಣು ಆಗತ್ತೆ, ಒಂದಕ್ಕೆ ಸುಣ್ಣ ಆಗತ್ತೆ. ನರ್ಸರಿಯವರಿಗೆ ಹೆಸರು ಕೇಳಿ, ಗೊತ್ತಿಲ್ಲ ಅಂದ್ರೆ ಇನ್ನೊಂದು ನರ್ಸರಿ. ನನಗೆ ಆ ಮೊದಲನೇ ಗಿಡ ಕೊಟ್ಟವರು ಯಾವ ಬೇರಾದ್ರೇನು ಸಾರ್, ಎಲ್ಲಾ ಒಂದೇ ಅಂದಿದ್ರು.

ನೆಡುವಾಗ ಕಸಿ ಗಂಟು ಎಲ್ಲಿರ್ಬೇಕು?

ಮಣ್ಣಿಗಿಂತ ನಾಲ್ಕು ಬೆರಳು ಮೇಲೆ, ಮುಚ್ಚಿಗೆ ಹಾಕಿದ ಮೇಲೂ ಕಾಣ್ತಿರ್ಬೇಕು. ದಿಬ್ಬದ ಮಣ್ಣು ಒಂದು ವರ್ಷದಲ್ಲಿ ಕುಸಿಯತ್ತೆ, ಗಿಡವೂ ಜೊತೆಗೆ ಇಳಿಯತ್ತೆ, ಹಾಗಾಗಿ ದಿಬ್ಬದಲ್ಲಿ ಇನ್ನೂ ಸ್ವಲ್ಪ ಮೇಲಿಡಿ. ಗಂಟು ಮುಚ್ಚಿಹೋದ್ರೆ ಮೇಲಿನ ತಳಿ ತನ್ನದೇ ಬೇರು ಬಿಡತ್ತೆ, ಆಮೇಲೆ ನೀವು ಹುಡುಕಿ ತಂದ ರೂಟ್‌ಸ್ಟಾಕ್ ಇದ್ರೂ ಒಂದೇ ಇಲ್ದಿದ್ರೂ ಒಂದೇ, ಗಿಡ್ಡ ಇರಬೇಕಾದ ಮರ ಆಕಾಶ ನೋಡತ್ತೆ.

ಬುಡದಿಂದ ಬೇರೆ ಥರ ಎಲೆಯ ಚಿಗುರು ಬರ್ತಿದೆ, ಬಿಡ್ಲಾ?

ಅದು ರೂಟ್‌ಸ್ಟಾಕ್‌ನ ಚಿಗುರು. ಹುಳಿ ಚೆರ್ರಿ ಜಾತಿ ಬೇರಲ್ಲಿ, ಕ್ರಿಮ್ಸ್ಕ್‌ನಲ್ಲಿ, ಮ್ಯಾಜಾರ್ಡ್‌ನಲ್ಲಿ ಇದು ಮಾಮೂಲಿ. ಸಣ್ಣದಿದ್ದಾಗಲೇ ಮಣ್ಣು ಸರಿಸಿ ಬುಡ ಹಿಡಿದು ಕಿತ್ತು ತೆಗೀರಿ. ಕತ್ತರೀಲಿ ನೆಲದ ಮಟ್ಟಕ್ಕೆ ಕತ್ತರಿಸಿದ್ರೆ ಒಂದರ ಜಾಗದಲ್ಲಿ ನಾಲ್ಕು ಬರತ್ತೆ. ಬುಡದ ಹತ್ತಿರ ಆಳವಾಗಿ ಅಗೀಬೇಡಿ, ಬೇರಿಗೆ ಗಾಯ ಆದ ಕಡೆಯೆಲ್ಲ ಹೊಸ ಚಿಗುರು ಏಳತ್ತೆ.

ತಪ್ಪು ಬೇರು ನೆಟ್ಟಾಗಿದೆ, ಈಗೇನು ಮಾಡ್ಲಿ?

ಎರಡು ವರ್ಷದೊಳಗಾದ್ರೆ ಎಲೆ ಉದುರಿ ಮರ ಮಲಗಿದ್ದಾಗ ಮಣ್ಣಿನ ಮುದ್ದೆ ಸಮೇತ ಎತ್ತಿ ದಿಬ್ಬದ ಮೇಲೆ ಕೂರಿಸಿ, ಬದುಕತ್ತೆ. ದೊಡ್ಡದಾಗಿದ್ರೆ ಎತ್ತೋದು ಬೇಡ, ಬಸಿಗಾಲುವೆ ತೆಗೆದು ನೀರು ಆಚೆ ಕಳಿಸಿ, ಬುಡದ ಹುಲ್ಲು ತೆಗೆದು ಮುಚ್ಚಿಗೆ ಹಾಕಿ, ಕಾಂಡದಿಂದ ಒಂದು ಗೇಣು ಬಿಟ್ಟು. ಬಾಡಿದ್ದು ಕಂಡ ತಕ್ಷಣ ಪೈಪ್ ಹಿಡ್ಕೊಂಡು ಓಡಬೇಡಿ. ಮೊದಲು ಬುಡದಿಂದ ಎರಡು ಅಡಿ ದೂರದಲ್ಲಿ ಒಂದು ಅಡಿ ಆಳಕ್ಕೆ ಕೈ ಹಾಕಿ ಮಣ್ಣು ತೆಗೀರಿ, ಮುಷ್ಟೀಲಿ ಹಿಂಡಿ, ಬೆರಳ ಸಂದೀಲಿ ನೀರು ಜಿನುಗಿದ್ರೆ ಪೈಪ್ ಸುತ್ತಿಟ್ಟು ಗುದ್ದಲಿ ತನ್ನಿ.